ಹಳೆಯದು, ಚಿಕ್ಕದು

ಐದು ದಿನಗಳ ಬಿಡುವಿನಲ್ಲಿ ಡಿಸ್ನಿಯ ದೊಡ್ಡ ಊರಿಗೆ ಹೋಗಬೇಕೋ ಚಿಕ್ಕ ಊರಿಗೆ ಹೋಗಬೇಕೋ ಎಂಬ ಪ್ರಶ್ನೆ ಕಾಸರಗೋಡಿನ ಒಬ್ಬ ನಿವೃತ್ತ ಅಧ್ಯಾಪಕನನ್ನು ಎರಡು ತಿಂಗಳ ಕಾಲ ಕಾಡಬಹುದೆಂದು ಈ ಸಂಚಿಕೆಯ ಓದುಗರು ಎಣಿಸಿರಲಾರರು. ಗಡಿನಾಡಿನವನಿಂದ ಅವರು ನಿರೀಕ್ಷಿಸುವ ವಿಷಯಗಳು ಬೇರೆ. ಆದರೆ ಮಕ್ಕಳು ಹೋದಲ್ಲಿಗೆ ತಂದೆತಾಯಿಗಳ ಚಿಂತೆಯೂ ಹೋಗುತ್ತದೆ. ಅದಕ್ಕೆ ವೀಸಾ ಬೇಕಾಗಿಲ್ಲ.

ನಮ್ಮ ಮಗಳು ಅಮೆರಿಕದ ಡಲ್ಲಾಸಿನಲ್ಲಿದ್ದಾಳೆ. ಇಲ್ಲಿ ನಾವು ಸಂಜೆಯ ದೀಪ ಹಚ್ಚುವಾಗ ಅಲ್ಲಿ ಅವಳು ಬೆಳಗಿನ ಕಾಫಿ ಕುಡಿಯುತ್ತಿರುತ್ತಾಳೆ. ಬರುವ ಜುಲೈಯಲ್ಲಿ ನಾನೂ ನನ್ನ ಪತ್ನಿಯೂ ಅಲ್ಲಿಗೆ ಹೊರಟಿದ್ದೇವೆ. ಇದು ನಮ್ಮ ಮೂರನೆಯ ಪ್ರಯಾಣ. ಪತ್ನಿಯ ಮಾತನ್ನು ನಂಬುವುದಾದರೆ ಕೊನೆಯದು. ಅವಳ ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿದೆ, ಎಡ ಮೊಣಕಾಲು ತನ್ನ ಸರದಿಯನ್ನು ಕಾಯುತ್ತಿದೆ. ಮೊಮ್ಮಗಳಿಗೆ ಏಳು ವರ್ಷ. ಶಾಲೆಗೆ ಬೇಸಿಗೆ ರಜೆ ಇರುವಾಗ ಮನೆಮಂದಿಯೆಲ್ಲ ಕೂಡಿ ಐದು ದಿನ ಎಲ್ಲಿಗಾದರೂ ಹೋಗಿಬರಬೇಕೆಂಬ ಮಾತು ಬಂದಾಗ ಡಿಸ್ನಿಯ ಹೆಸರು ಎದ್ದಿತು. ಅಲ್ಲಿಯವರೆಗೆ ಡಿಸ್ನಿ ಎಂದರೆ ಒಂದೇ ಊರು ಎಂದು ನಾನು ತಿಳಿದಿದ್ದೆ. ಆ ದೇಶದಲ್ಲೇ ಎರಡಿವೆ. ಡಲ್ಲಾಸಿನಿಂದ ಎರಡಕ್ಕೂ ವಿಮಾನದಲ್ಲಿ ಹೆಚ್ಚು ಕಡಿಮೆ ಮೂರು ಗಂಟೆಯ ದಾರಿ. ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ.

ಪೂರ್ವದ್ದು ಫ್ಲಾರಿಡಾದ ಒರ್ಲಾಂಡೊ ಬಳಿಯಿರುವ ವಾಲ್ಟ್ ಡಿಸ್ನಿ ವರ್ಲ್ಡ್. 1971ರ ಅಕ್ಟೋಬರ್ 1ರಂದು ತೆರೆದದ್ದು. ಅದಕ್ಕಾಗಿ ಕೊಂಡ ನೆಲ 27,000 ಎಕರೆಗೂ ಮಿಕ್ಕಿ. ನಾಲ್ಕು ಉದ್ಯಾನಗಳು, ನೀರಾಟಕ್ಕೆಂದೇ ಇನ್ನೆರಡು, ಇಪ್ಪತ್ತಕ್ಕೂ ಹೆಚ್ಚು ಹೋಟೆಲುಗಳು. ಪಶ್ಚಿಮದ್ದು ಕ್ಯಾಲಿಫೋರ್ನಿಯದ ಆನಹೈಮಿನಲ್ಲಿರುವ ಡಿಸ್ನಿಲ್ಯಾಂಡ್. 160 ಎಕರೆ ಕಿತ್ತಳೆ ಮತ್ತು ಅಕ್ರೋಟು ತೋಟಗಳನ್ನು ಕಡಿದು, ಒಂದು ವರ್ಷದೊಳಗೆ ಕಟ್ಟಿ, 1955ರ ಜುಲೈ 17ರಂದು ತೆರೆದದ್ದು. ಈಗ ಅಲ್ಲಿ ಉದ್ಯಾನಗಳು ಎರಡು, ಹೋಟೆಲುಗಳು ಮೂರು. ಎಲ್ಲವೂ ಸೇರಿ ಸುಮಾರು 500 ಎಕರೆ. ಫ್ಲಾರಿಡಾದ ನಾಲ್ಕು ಉದ್ಯಾನಗಳಲ್ಲಿ ಪ್ರಾಣಿಗಳ ಉದ್ಯಾನವೊಂದೇ ಇದಕ್ಕಿಂತ ದೊಡ್ಡದು. ಎರಡೂ ಕಡೆ ನಡುವೆ ಒಂದು ಅರಮನೆಯಿದೆ: ಅಲ್ಲಿಯದು 189 ಅಡಿ, ಇಲ್ಲಿಯದು 77 ಅಡಿ. ಹಳೆಯದು ಹುಟ್ಟಿದಾಗ ನಮ್ಮ ಕಾಸರಗೋಡು ಇನ್ನೂ ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ನಾನು ಹುಟ್ಟಿದ್ದೂ ಅದೇ ವರ್ಷ. ಈ ಕೊನೆಯ ಸಂಗತಿಯನ್ನು ವಾದವಾಗಿ ಮುಂದಿಡಲು ಮಗಳು ಬಿಡಲಿಲ್ಲ.

ಅಳಿಯಂದಿರು ಮೊದಲಿನಿಂದಲೂ ಫ್ಲಾರಿಡಾದ ಪಕ್ಷ. ಅವರು ಲೆಕ್ಕಾಚಾರದ ಮನುಷ್ಯ. ಮಾತಿನಲ್ಲಿ ಮೃದು, ಯೋಜನೆಯಲ್ಲಿ ಕಟ್ಟುನಿಟ್ಟು. “ಮಾವ, ಇಷ್ಟು ದೂರ ಬರುವವರು ದೊಡ್ಡದನ್ನೇ ನೋಡಬೇಡವೇ?” ಎಂದು ಅವರು ಕೇಳಿದರು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕಾಶಿಗೆ ಹೋದವನು ಗಂಗೆಯಲ್ಲಿ ಮೀಯದೆ ಬಂದರೆ ಊರವರು ನಗುತ್ತಾರೆ. ಮೊಮ್ಮಗಳ ಮತವೂ ಅತ್ತಲೇ. ಮಂಜಿನ ರಾಣಿ ಎಲ್ಸಾಳ ಕಥೆಯೊಳಗೆ ದೋಣಿಯಲ್ಲಿ ಸಾಗುವ ಆಟವೊಂದು ಫ್ಲಾರಿಡಾದಲ್ಲಿದೆ, ಕ್ಯಾಲಿಫೋರ್ನಿಯದಲ್ಲಿ ಇಲ್ಲ. ಏಳು ವರ್ಷದ ಹೆಣ್ಣುಮಗುವಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಅಳಿಯಂದಿರು ಐದೂ ದಿನಗಳ ಕಾರ್ಯಕ್ರಮವನ್ನು ಕಂಪ್ಯೂಟರಿನಲ್ಲಿ ಕೋಷ್ಟಕವಾಗಿ ಬರೆದು ಕಳುಹಿಸಿದರು. ದಿನಕ್ಕೊಂದು ಉದ್ಯಾನ, ಹೋಟೆಲಿನಿಂದ ಬಸ್ಸು, ಯಾವ ಆಟಕ್ಕೆ ಎಷ್ಟು ಹೊತ್ತಿಗೆ ಸರದಿ ಹಿಡಿಯಬೇಕು, ಊಟ ಎಲ್ಲಿ, ಎಲ್ಲವೂ ಇತ್ತು. ಪ್ರತಿಯೊಬ್ಬರಿಗೂ ಒಂದೊಂದು ಸಾಲು. ಪತ್ನಿಯ ಸಾಲಿನಲ್ಲಿ ಮೊದಲ ದಿನಕ್ಕೆ ಉದ್ಯಾನದ ಹೆಸರಿತ್ತು. ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ಒಂದೇ ಮಾತು: ಅತ್ತೆ, ಹೋಟೆಲಿನಲ್ಲಿ ವಿಶ್ರಾಂತಿ.

ಅದರಲ್ಲಿ ಅನಾದರವಿರಲಿಲ್ಲ. ಆ ಊರಿನ ವಿಸ್ತಾರದಲ್ಲಿ ನೋಯುವ ಮೊಣಕಾಲಿಗೆ ಬೇರೆ ದಾರಿಯೂ ಇಲ್ಲ. ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ, ಆದರೆ ಬಸ್ಸು ಹತ್ತಿ ಇಳಿದು ದಿನಕ್ಕೊಂದು ಕಡೆಗೆ ಹೋಗುವ ದಣಿವನ್ನು ಗಾಲಿಕುರ್ಚಿ ಹೊರುವುದಿಲ್ಲ. ಮಧ್ಯಾಹ್ನ ಆಯಾಸವಾದರೆ ಕೋಣೆಗೆ ಮರಳಿ, ಒಂದು ನಿದ್ದೆ ಮಾಡಿ, ಸಂಜೆ ಮತ್ತೆ ಬರುವುದೂ ಅಲ್ಲಿ ಸುಲಭವಲ್ಲ. ಪತ್ನಿ ಆ ಕೋಷ್ಟಕವನ್ನು ಓದಿ, “ಆಗಬಹುದು, ನಾನು ಕೋಣೆಯಲ್ಲಿ ಕೂತು ಜಪ ಮಾಡುತ್ತೇನೆ” ಎಂದಳು. ನಲವತ್ತು ವರ್ಷ ಜೊತೆಗೆ ಬಾಳಿದವನಿಗೆ ಆ ದನಿಯ ಅರ್ಥ ತಿಳಿಯುತ್ತದೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ಮೊಮ್ಮಗಳು ನಮ್ಮ ಕನ್ನಡವನ್ನು ಅರ್ಥಮಾಡಿಕೊಳ್ಳುತ್ತಾಳೆ, ಉತ್ತರವನ್ನು ಇಂಗ್ಲಿಷಿನಲ್ಲಿ ಕೊಡುತ್ತಾಳೆ. ನನ್ನೊಡನೆಯೂ ಹಾಗೆಯೇ, ಅಜ್ಜನಿಗೆ ಇಂಗ್ಲಿಷ್ ಬರುತ್ತದೆಂದು ಅವಳಿಗೆ ಗೊತ್ತು. ಅಜ್ಜಿಗೆ ಕನ್ನಡ, ತುಳು, ಮಲಯಾಳಂ ಮೂರೂ ಬರುತ್ತವೆ, ಇಂಗ್ಲಿಷ್ ಬರುವುದಿಲ್ಲ. ಆದುದರಿಂದ ಆ ಮಗು ಬಾಯಿಬಿಟ್ಟು ಕನ್ನಡ ಮಾತಾಡುವುದು ಭೂಮಿಯ ಮೇಲೆ ಒಬ್ಬಳೊಡನೆ ಮಾತ್ರ. ಕಳೆದ ಸಲ ಎರಡು ತಿಂಗಳಲ್ಲಿ ‘ಅಜ್ಜಿ, ನೀರು’ ಎಂಬಲ್ಲಿಂದ ‘ಅಜ್ಜಿ, ನೀವು ಯಾಕೆ ಕಾಲು ಹೀಗೆ ಮಾಡ್ತೀರಿ?’ ಎಂಬಲ್ಲಿಗೆ ಬಂದಿದ್ದಳು. ನಮ್ಮ ಸಂಘಗಳ ವೇದಿಕೆಗಳಲ್ಲಿ ಭಾಷೆಯ ಉಳಿವಿನ ಕುರಿತು ನಾನೂ ಭಾಷಣ ಮಾಡಿದವನೇ. ಆ ಭಾಷಣಗಳಿಗಿಂತ ಈ ಹೆಂಗಸಿನ ಇಂಗ್ಲಿಷ್ ಬಾರದಿರುವಿಕೆ ಹೆಚ್ಚು ಕೆಲಸ ಮಾಡಿದೆ. ಅವಳನ್ನು ಐದರಲ್ಲಿ ಮೂರು ದಿನ ಕೋಣೆಯಲ್ಲಿ ಕೂರಿಸಿ ನಾವು ಎಲ್ಸಾಳನ್ನು ಕಾಣಲು ಹೋಗುವುದೆಂದರೆ ಏನನ್ನು ಕೊಟ್ಟು ಏನನ್ನು ಕೊಳ್ಳುತ್ತೇವೆ ಎಂದು ನನಗೆ ಅನಿಸಿತು. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅಳಿಯಂದಿರಿಗೆ ನೋವಾದೀತು, ಪತ್ನಿಗೆ ಮುಜುಗರವಾದೀತು. ಬದಲಿಗೆ ಹಳೆಯ ಊರಿನ ವಕೀಲಿ ಹಿಡಿದೆ. ವಕೀಲಿ ಮಾಡುವವನು ಓದಬೇಕು. ಓದುತ್ತ ಹೋದಂತೆ ಆ ಊರಿನ ಮೇಲೆ ನಿಜವಾದ ಪ್ರೀತಿಯೇ ಹುಟ್ಟಿತು.

ಚಿಕ್ಕದರಲ್ಲಿ ವಾಲ್ಟ್ ಡಿಸ್ನಿ ಸ್ವತಃ ನಡೆದಾಡಿದ್ದ. ಮುಖ್ಯ ಬೀದಿಯ ಅಗ್ನಿಶಾಮಕ ಠಾಣೆಯ ಮಹಡಿಯಲ್ಲಿ ಅವನಿಗೊಂದು ಪುಟ್ಟ ವಸತಿಯಿತ್ತು. ಅದರ ಕಿಟಕಿಯಲ್ಲಿ ಅವನ ನೆನಪಿಗೆ ಇಂದಿಗೂ ದೀಪ ಉರಿಯುತ್ತದೆ. ದೊಡ್ಡದನ್ನು ಅವನು ಕಾಣಲಿಲ್ಲ. 1966ರ ಡಿಸೆಂಬರ್ 15ರಂದು ತೀರಿಕೊಂಡ. ನಿವೃತ್ತಿಯ ಅಂಚಿನಲ್ಲಿದ್ದ ಅಣ್ಣ ರಾಯ್ ಡಿಸ್ನಿ ನಿವೃತ್ತಿಯನ್ನು ಮುಂದೂಡಿ ಫ್ಲಾರಿಡಾದ ಕೆಲಸವನ್ನು ಹೆಗಲಿಗೇರಿಸಿಕೊಂಡ. ಹೆಸರು ಬರಿಯ ಡಿಸ್ನಿ ವರ್ಲ್ಡ್ ಆಗಬಾರದು, ತಮ್ಮನ ಪೂರ್ತಿ ಹೆಸರಿರಬೇಕು ಎಂದು ಹಟ ಹಿಡಿದು ವಾಲ್ಟ್ ಡಿಸ್ನಿ ವರ್ಲ್ಡ್ ಎಂದು ಇಡಿಸಿದ. ಅದು ತೆರೆದು ಮೂರು ತಿಂಗಳು ತುಂಬುವ ಮೊದಲೇ, 1971ರ ಡಿಸೆಂಬರ್ 20ರಂದು, ಅವನೂ ಹೋದ. ಅಣ್ಣನ ಪಾದುಕೆಯನ್ನಿಟ್ಟು ರಾಜ್ಯವಾಳಿದ ತಮ್ಮನ ಕಥೆಯನ್ನು ಕುಂಬಳೆಯ ಪಾರ್ತಿಸುಬ್ಬನ ನಾಡಿನವರಾದ ನಾವು ರಾತ್ರಿಯಿಡೀ ಕೂತು ನೋಡಿದ್ದೇವೆ. ತಮ್ಮನ ಹೆಸರನ್ನು ತಲೆಯ ಮೇಲಿಟ್ಟ ಈ ಅಣ್ಣನ ಕಥೆ ನನಗೆ ಹೊಸತು. ಹಾಗೆ ನೋಡಿದರೆ ಇದು ದೊಡ್ಡ ಊರಿನ ಪರವಾಗಿಯೇ ಹೇಳಬೇಕಾದ ಮಾತು. ವಕೀಲನಾದರೂ ಮುಚ್ಚಿಡಲಾರೆ.

ಆ 77 ಅಡಿಯ ಅರಮನೆಯನ್ನೇ ತೆಗೆದುಕೊಳ್ಳೋಣ. ಮೇಲೆ ಹೋದಂತೆ ಕಲ್ಲುಗಳ ಗಾತ್ರವನ್ನು ಕಿರಿದಾಗಿಸುತ್ತ ಹೋಗಿ, ನೆಲದಲ್ಲಿ ನಿಂತವನ ಕಣ್ಣಿಗೆ ಅದು ಇದ್ದುದಕ್ಕಿಂತ ಎತ್ತರವೆಂದು ತೋರುವಂತೆ ಮಾಡಿದ್ದಾರೆ. ದುಡ್ಡು ಕಡಿಮೆಯಿದ್ದವರ ಜಾಣತನವಿದು. ಚಿಕ್ಕದರ ಪಾಲಿಗೆ ಇನ್ನೊಂದು ಲಾಭವಿದೆ: ಕಡಲ್ಗಳ್ಳರ ದೋಣಿಯಾಟ ಎರಡೂ ಕಡೆ ಉಂಟು, ಆದರೆ 1967ರಲ್ಲಿ ಮೊದಲು ಮಾಡಿದ ಇಲ್ಲಿಯದು ಕಾಲು ಗಂಟೆಯಷ್ಟು ಉದ್ದ, ನಂತರದ ಅಲ್ಲಿಯದು ಅದರ ಅರ್ಧದಷ್ಟು. ಮೊಣಕಾಲು ನೋಯುವವಳಿಗೆ ಕಾಲು ಗಂಟೆ ಕುಳಿತು ತಂಪಿನಲ್ಲಿ ತೇಲುವುದು ಉಪಕಾರವೇ. 1955ರಿಂದ ಓಡುತ್ತಿರುವ ಉಗಿಬಂಡಿಗಳೂ ಇವೆ. ಹತ್ತಿ ಕುಳಿತರೆ ಇಡೀ ಉದ್ಯಾನಕ್ಕೆ ಪ್ರದಕ್ಷಿಣೆ ಬರುತ್ತದೆ.

ಆದರೆ ನನಗೆ ನೋಡಲೇಬೇಕೆನಿಸಿದ್ದು 1963ರಲ್ಲಿ ತೆರೆದ ಒಂದು ಹುಲ್ಲುಮಾಡಿನ ಮನೆ. ಅದರೊಳಗೆ 150ಕ್ಕೂ ಹೆಚ್ಚು ಹಕ್ಕಿಗಳು, ಹೂಗಳು, ಕೆತ್ತನೆಯ ಮುಖಗಳು ಬಾಯಿ ತೆರೆದು ಹಾಡುತ್ತವೆ. ಧ್ವನಿಮುದ್ರಿಕೆಯ ಸಂಕೇತದಿಂದ ಗೊಂಬೆಗಳನ್ನು ಆಡಿಸುವ ವಿದ್ಯೆಗೆ ಜನರ ಮುಂದೆ ಮೊದಲ ರಂಗಪ್ರವೇಶವಾದದ್ದು ಅಲ್ಲಿ. ಇಂದಿನ ಮಕ್ಕಳಿಗೆ ಅದು ಹಳೆಯ ಸಾಮಾನು. ಆದರೆ ಕಾಸರಗೋಡಿನ ಯಕ್ಷಗಾನ ಗೊಂಬೆಯಾಟವನ್ನು ಕಂಡವನು ನಾನು. ಪರದೆಯ ಹಿಂದೆ ನಿಂತವನ ಬೆರಳಿನ ಸೂತ್ರಕ್ಕೆ ಗೊಂಬೆಯ ಕತ್ತು ಕೊಂಕುವುದನ್ನು ನೋಡಿ ಮೈಮರೆತವನು. ಅದೇ ಆಸೆಯನ್ನು ಬೇರೊಂದು ಜನ ಬೇರೊಂದು ಸೂತ್ರದಿಂದ ಹೇಗೆ ತೀರಿಸಿಕೊಂಡರೆಂದು ನೋಡಬೇಕು.

ಹೊಸದಾಗಿ ತೆರೆದ ದಿನದ ಅವಾಂತರಗಳನ್ನೂ ಓದಿ ನಕ್ಕೆ. ಕೊಳಾಯಿ ಕೆಲಸಗಾರರ ಮುಷ್ಕರದಿಂದ ಕುಡಿಯುವ ನೀರಿನ ನಲ್ಲಿಗಳು ಸಾಲದಾದವು; ಆಗಷ್ಟೇ ಹಾಕಿದ ಡಾಮರಿನಲ್ಲಿ ಹೆಂಗಸರ ಎತ್ತರದ ಹಿಮ್ಮಡಿಯ ಚಪ್ಪಲಿಗಳು ಹೂತುಕೊಂಡವು; ನಕಲಿ ಟಿಕೆಟು ಹಿಡಿದು ಸಾವಿರಾರು ಜನ ನುಗ್ಗಿದರು. ಕೃತಕ ಕಾಡನ್ನು ಬೆಳೆಸಲು ಹೊತ್ತು ಸಾಲದೆ ಕಡಿದ ಕಿತ್ತಳೆ ಮರಗಳನ್ನೇ ಬೇರು ಮೇಲಾಗಿ ನೆಟ್ಟರಂತೆ. ಕಳೆಗಿಡಗಳಿಗೆ ಲ್ಯಾಟಿನ್ ಹೆಸರಿನ ಫಲಕ ಹಚ್ಚಿದರೆಂಬ ಕಥೆಯೂ ಉಂಟು. ಸಮ್ಮೇಳನಗಳ ಸ್ವಾಗತ ಸಮಿತಿಯಲ್ಲಿ ದುಡಿದವರಿಗೆ ಇದೆಲ್ಲ ಪರಿಚಿತವೇ.

ಆ ಕಡಿದ ತೋಟಗಳ ನಡುವೆ ಒಂದು ಮರ ಉಳಿಯಿತು. ಡೊಮಿಂಗೆಜ್ ಎಂಬ ಕುಟುಂಬ ತಮ್ಮ ತೋಟವನ್ನು ಮಾರುವಾಗ ಒಂದು ಖರ್ಜೂರ ಜಾತಿಯ ಮರವನ್ನು ಕಡಿಯಬಾರದೆಂದು ಕೇಳಿಕೊಂಡಿತ್ತು. 1896ರಲ್ಲಿ ಮದುವೆಯ ಉಡುಗೊರೆಯಾಗಿ ಬಂದ ಮರ ಅದು. ಕಟ್ಟುವವರು ಒಪ್ಪಿ, ಅದನ್ನು ಬೇರುಸಹಿತ ಎತ್ತಿ ಉದ್ಯಾನದ ಕಾಡಿನ ಭಾಗದಲ್ಲಿ ನೆಟ್ಟರು. ಆ ಮನೆಯ ಹುಡುಗ ರಾನ್ ಡೊಮಿಂಗೆಜ್ 1955ರಲ್ಲಿ ಅಲ್ಲಿಯೇ ಟಿಕೆಟು ಪಡೆಯುವ ಕೆಲಸಕ್ಕೆ ಸೇರಿ, ಹಿರಿಯ ಅಧಿಕಾರಿಯಾಗಿ ಬೆಳೆದು, 1994ರಲ್ಲಿ ನಿವೃತ್ತನಾದ. ತನ್ನ ಮನೆಯಿದ್ದ ನೆಲದಲ್ಲಿ ಬೇರೆಯವರ ಕಥೆ ನಡೆಯುವುದನ್ನು ನೋಡುತ್ತ ಸುಮಾರು ನಲವತ್ತು ವರ್ಷ ಅದೇ ನೆಲದಲ್ಲಿ ಕೆಲಸ ಮಾಡಿದ ಮನುಷ್ಯ. ನಾವು ಗಡಿನಾಡಿನವರು ಈ ಮಾತನ್ನು ಎರಡು ಸಲ ಓದುತ್ತೇವೆ.

ಚಿಕ್ಕ ಊರಿನ ಕೊರತೆಗಳನ್ನೂ ಹೇಳಿಬಿಡುತ್ತೇನೆ. ದಾರಿಗಳು ಇಕ್ಕಟ್ಟು. ವರ್ಷದ ಪಾಸು ಪಡೆದ ಸುತ್ತಲಿನ ಊರವರು ಆಗಾಗ ಬರುವುದರಿಂದ ಜನಸಂದಣಿ ಯಾವಾಗಲೂ ಇರುತ್ತದೆ. ಖರ್ಚಿನಲ್ಲಿ ಚಿಕ್ಕತನವೇನೂ ಇಲ್ಲ; 1955ರಲ್ಲಿ ದೊಡ್ಡವರಿಗೆ ಒಂದು ಡಾಲರಿದ್ದ ಪ್ರವೇಶ ಈಗ ದಿನಕ್ಕೆ 100 ಡಾಲರಿನ ಮೇಲೆ. ಎರಡು ಉದ್ಯಾನಗಳಿಗೆ ಮೂರು ದಿನ ಸಾಕು, ಐದು ದಿನ ಏನು ಮಾಡುವುದು ಎಂದು ಅಳಿಯಂದಿರು ಕೇಳಿದರು. ಏನೂ ಮಾಡದಿರುವುದು ಎಂದೆ. ಎರಡೂ ಉದ್ಯಾನಗಳ ಬಾಗಿಲುಗಳು ಎದುರುಬದುರು; ಬೀದಿಯ ಆಚೆ ಬದಿಯಲ್ಲೇ ಹೋಟೆಲುಗಳಿವೆ. ಬೆಳಿಗ್ಗೆ ಹೋಗಿ, ಬಿಸಿಲೇರಿದಾಗ ಬಂದು ಮಲಗಿ, ಸಂಜೆ ಮತ್ತೆ ಹೋಗಬಹುದು. ಅಜ್ಜಿ ಒಂದು ಬೆಂಚಿನಲ್ಲಿ ಕುಳಿತಿದ್ದರೆ ಮಗು ಒಂದು ಆಟ ಮುಗಿಸಿ ಓಡಿಬಂದು ಅದರ ವರದಿ ಒಪ್ಪಿಸಬಹುದು, ಕನ್ನಡದಲ್ಲಿ. ಜುಲೈಯ ಫ್ಲಾರಿಡಾದಲ್ಲಿ ಮಧ್ಯಾಹ್ನವಾದರೆ ಗುಡುಗುಮಳೆ ಎಂಬುದನ್ನೂ ಸೇರಿಸಿದೆ. ಆಟಿಯ ಮಳೆಯನ್ನು ಬಿಟ್ಟುಬಂದವರು ಡಾಲರು ತೆತ್ತು ಮಳೆ ನೋಡಬೇಕೇ?

ನನ್ನ ವಾದದಿಂದ ಅಳಿಯಂದಿರು ಸೋತರೆಂದು ನಾನು ಹೇಳಲಾರೆ. ಒಂದು ಭಾನುವಾರ ಮಗಳು ನನ್ನೊಬ್ಬನಿಗೆ ಕರೆ ಮಾಡಿ, “ಅಪ್ಪ, ಕೋಷ್ಟಕದಲ್ಲಿ ಅಮ್ಮನ ಸಾಲು ನೋಡಿದೆ” ಎಂದಳು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. “ಫ್ಲಾರಿಡಾ ಎಲ್ಲಿಗೂ ಓಡಿಹೋಗುವುದಿಲ್ಲ. ಇವಳನ್ನು ಹತ್ತು ವರ್ಷವಾದಾಗ ಕರೆದುಕೊಂಡು ಹೋಗುತ್ತೇವೆ” ಎಂದಳು. ಮರುದಿನ ಅಳಿಯಂದಿರಿಂದ ಹೊಸ ಕೋಷ್ಟಕ ಬಂತು. ಆನಹೈಮ್, ಐದೂ ದಿನ ಐವರ ಸಾಲುಗಳಲ್ಲೂ ಒಂದೇ ಬರಹ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಿದ್ದೆ ಎಂದೂ ನಮೂದಿಸಿದ್ದರು. ಅವರ ಮೇಲೆ ನನಗಿದ್ದ ಗೌರವ ಹೆಚ್ಚಿತು.

ಮೊಮ್ಮಗಳಿಗೆ ಎಲ್ಸಾ ಇಲ್ಲವೆಂದು ತಿಳಿಸಿದಾಗ ಅತ್ತಳಂತೆ. ಅವಳ ಅಳುವಿಗೆ ನನ್ನ ಬಳಿ ಉತ್ತರವಿಲ್ಲ. ಹತ್ತು ವರ್ಷದವಳಿಗೆ ಎಲ್ಸಾ ಬೇಕಾಗಿರುತ್ತಾಳೆಯೇ ಎಂಬುದೂ ಸಂದೇಹವೇ.

ಪತ್ನಿಗೆ ಅರಮನೆ, ಹಕ್ಕಿ, ಉಗಿಬಂಡಿ ಎಲ್ಲವನ್ನೂ ವಿವರಿಸಿದೆ. ತರಕಾರಿ ಹೆಚ್ಚುತ್ತ ಹೂಂ ಎನ್ನುತ್ತಿದ್ದಳು. ರಸ್ತೆ ಅಗಲವಾದಾಗ ನಮ್ಮ ಅಂಗಳದ ಹಲಸಿನ ಮರ ಹೋಗಿ ಕೆಲವು ವರ್ಷಗಳಾಗಿವೆ. ಅವಳು ಮದುವೆಯಾಗಿ ಬಂದ ವರ್ಷ ಮೊದಲ ಬಾರಿ ಕಾಯಿ ಬಿಟ್ಟ ಮರ. ಖರ್ಜೂರದ ಮರದ ಮಾತು ಬಂದಾಗ ಮೆಟ್ಟುಕತ್ತಿಯಿಂದ ತಲೆಯೆತ್ತಿ, “ಆ ಮರ ಈಗಲೂ ಉಂಟಾ?” ಎಂದು ಕೇಳಿದಳು. ಉಂಟು ಎಂದೆ. “ಗಾಲಿಕುರ್ಚಿ ಅದರ ಬುಡದವರೆಗೆ ಹೋಗುತ್ತದಾ ಎಂದು ಅವರಲ್ಲಿ ಕೇಳಿ ನೋಡಿ” ಎಂದಳು. ಅಳಿಯಂದಿರಿಗೆ ಬರೆದಿದ್ದೇನೆ.