ಶಿಕಾರಿಪುರದ ರೊಟ್ಟಿ, ಸೊರಬದ ಗಂಜಿ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳನ್ನು ನಮ್ಮ ಓದುಗ ಬಂಧುಗಳಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕಮಹಾದೇವಿಯವರ ಉಡುತಡಿ ಇವೆರಡೂ ಶಿರಾಳಕೊಪ್ಪದ ಆಸುಪಾಸಿನಲ್ಲಿಯೇ ಇವೆ. ಅಲ್ಲಿಗೆ ಹೋಗಿಬಂದು ಬರೆದವರು ಅನೇಕರು. ನಾವು ಈ ಸಲ ಹೊರಟದ್ದು ಮಾತ್ರ ಬೇರೊಂದು ಕಾರಣಕ್ಕಾಗಿ. ಎರಡು ವರ್ಷಗಳಿಂದ ತವರಿನಲ್ಲಿ ಒಂದು ಹೊತ್ತು ನೆಮ್ಮದಿಯಾಗಿ ಉಣ್ಣಲಾಗದಿದ್ದ ನಮ್ಮ ಶ್ರೀಮತಿಯವರು, ಜೋಳದ ರೊಟ್ಟಿಯ ಕಾಲುಭಾಗವನ್ನು ತಾಯಿಯ ಎದುರಿನಲ್ಲಿ ಕುಳಿತು ತಿಂದುನೋಡಬೇಕೆಂದಿದ್ದರು.

ಅವರಿಗಿರುವ ಕಾಯಿಲೆಯ ಹೆಸರು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರ ಉರಿಯೂತದಿಂದ ಹುಣ್ಣಾಗಿ, ರಕ್ತ ಲೋಳೆಗಳೊಡನೆ ಭೇದಿಯಾಗುವ ದೀರ್ಘಕಾಲದ ವ್ಯಾಧಿ ಇದು. ಇದೇ ಬಳಗದ ಇನ್ನೊಂದು ಕ್ರೋನ್ಸ್ ಕಾಯಿಲೆ. ಅದು ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ ಕಾಣಿಸಿಕೊಂಡು ಕರುಳಿನ ಗೋಡೆಯ ಆಳಕ್ಕೂ ಇಳಿಯಬಲ್ಲದು. 1932ರಲ್ಲಿ ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಅದನ್ನು ವಿವರಿಸಿ ಬರೆದುದರಿಂದ ಆ ಹೆಸರು ನಿಂತಿತು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್‌ನಂತೆಯೇ ತೋರುವುದರಿಂದ ವೈದ್ಯರಿಗೂ ಗುರುತಿಸುವುದು ಸುಲಭವಲ್ಲ. ನಮ್ಮ ಶ್ರೀಮತಿಯವರಿಗೆ ಮೊದಲ ಒಂದು ವರ್ಷ ಆಮಶಂಕೆಯ ಗುಳಿಗೆಗಳೇ ಆದವು. ಮೂಲವ್ಯಾಧಿ ಎಂದವರೂ ಇದ್ದರು. ಕೊನೆಗೆ ಕೊಲೊನೊಸ್ಕೋಪಿ ಮಾಡಿ, ಕರುಳಿನ ಚೂರನ್ನು ತೆಗೆದು ಪರೀಕ್ಷಿಸಿದ ಮೇಲೆ ನಿಜ ತಿಳಿಯಿತು.

ತಿಳಿದ ಮೇಲೂ ನಾವು ತಪ್ಪು ಮಾಡಿದೆವು. ಮೆಸಲಮಿನ್ ಗುಳಿಗೆಯಿಂದ ನಾಲ್ಕು ತಿಂಗಳಿಗೆ ಗುಣ ಕಂಡಿತು. ಗುಣವಾದ ಮೇಲೆ ಗುಳಿಗೆ ಏಕೆಂದು ಬಲ್ಲವರೊಬ್ಬರು ಹೇಳಿದರು. ಪಥ್ಯವೊಂದಿದ್ದರೆ ಸಾಕೆಂದು ನಾವೂ ನಂಬಿದೆವು. ಗುಳಿಗೆ ಬಿಟ್ಟು, ಕಷಾಯ ಕುಡಿದು, ಗಂಜಿಯೊಂದನ್ನೇ ಉಂಡು ದಿನ ಕಳೆದರು. ಮೂರು ತಿಂಗಳೊಳಗೆ ರಕ್ತ ಮತ್ತೆ ಕಾಣಿಸಿತು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಆ ರಾತ್ರಿಯನ್ನು ನೆನೆದರೆ ಈಗಲೂ ನಮಗೆ ಊಟ ಸೇರುವುದಿಲ್ಲ.

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಸುಮಾರು 50 ಕಿ.ಮೀ. ಆರೋಗ್ಯವಂತರಿಗೆ ಇದೊಂದು ದಾರಿಯೇ ಅಲ್ಲ. ಇಂಥ ಕಾಯಿಲೆಯವರಿಗೆ ಮಾತ್ರ ಪ್ರಯಾಣವೆಂದರೆ ಶೌಚಾಲಯದಿಂದ ಶೌಚಾಲಯಕ್ಕೆ ಇರುವ ದೂರ. ನಾವು ಬಾಗಿಲ ಬಳಿಯ ಆಸನವನ್ನೇ ಹಿಡಿದೆವು. ಹೊರಡುವ ಮೊದಲೇ ನಿರ್ವಾಹಕರ ಕಿವಿಯಲ್ಲಿ ಒಂದು ಮಾತು ಹಾಕಿದೆವು. ಅವರು ಏನೂ ಕೇಳದೆ, "ಎಲ್ಲಿ ಬೇಕಾದರೂ ಹೇಳಿ, ನಿಲ್ಲಿಸೋಣ" ಎಂದರು. ಚೀಲದಲ್ಲಿ ಒಂದು ಜೊತೆ ಬಟ್ಟೆ, ಗುಳಿಗೆಗಳು, ವೈದ್ಯರ ಚೀಟಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಸೀಸೆಯೂ ಇತ್ತು. ಕಾರ್ತಿಕ ಮಾಸವಾದುದರಿಂದ ದಾರಿಯ ಎರಡೂ ಬದಿಗೆ ಬತ್ತ ಹೊಂಬಣ್ಣಕ್ಕೆ ತಿರುಗಿತ್ತು, ಮೆಕ್ಕೆಜೋಳ ಕೊಯ್ಲಾಗಿ ಒಣಗಲು ಹರಡಿತ್ತು. ಬಸ್ಸನ್ನು ಒಮ್ಮೆಯೂ ನಿಲ್ಲಿಸಬೇಕಾಗಲಿಲ್ಲ.

ಶಿಕಾರಿಪುರ ಗಡಿನಾಡಿನಂಥ ಊರು. ಇಲ್ಲಿಂದ ಪಡುವಣಕ್ಕೆ ಸಾಗಿದಂತೆ ಅಡಕೆ, ಬತ್ತ, ಗಂಜಿ. ಮೂಡಣಕ್ಕೆ, ಬಡಗಣಕ್ಕೆ ಸರಿದಂತೆ ಜೋಳ, ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಅತ್ತೆಯವರ ಅಡುಗೆಮನೆಯಲ್ಲಿ ಎರಡೂ ಇವೆ. ಎಂಬತ್ತು ದಾಟಿದ ಅವರು ಇಂದಿಗೂ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಾರೆ. ಹುಚ್ಚರಾಯಸ್ವಾಮಿ ಗುಡಿಯ ಕಡೆಯಿಂದ ಗಂಟೆ ಕೇಳುವ ಹೊತ್ತಿಗೆ ಆ ಮನೆಯಲ್ಲಿ ರೊಟ್ಟಿಯ ಸಪ್ಪಳ ಆರಂಭವಾಗಬೇಕು. ನಾವು ಹೋದ ದಿನ ಎಣ್ಣೆಗಾಯಿ, ಮೊಳಕೆ ಹೆಸರುಕಾಳು, ಗುರೆಳ್ಳು ಪುಡಿ, ಕೆನೆಮೊಸರು, ಶ್ಯಾವಿಗೆ ಪಾಯಸ ಎಲ್ಲವೂ ಸಿದ್ಧವಾಗಿದ್ದವು.

"ಒಂದಿಷ್ಟು ಉಣ್ಣವ್ವಾ, ಏನೂ ಆಗಂಗಿಲ್ಲ. ಉಣ್ಣದಕ್ಕೇ ಹಿಂಗ ಸೊರಗೀಯ" ಎಂದು ಅತ್ತೆಯವರು ಎಲೆಯ ಮುಂದೆ ಕುಳಿತರು. ಮಗಳು ಎಲೆ ಮುಟ್ಟಲಿಲ್ಲ. ತಾಯಿಯ ಕಣ್ಣು ತುಂಬಿತು, ಮಗಳ ಕಣ್ಣೂ ತುಂಬಿತು. ಇಂಥ ಗಳಿಗೆಯಲ್ಲಿ ಅಳಿಯನಾದವನು ಏನು ಮಾತನಾಡಿದರೂ ತಪ್ಪೇ. ನಾವು ಸುಮ್ಮನಿದ್ದೆವು.

ಕೊನೆಗೆ ಮಗಳೇ ದಾರಿ ಕಂಡುಕೊಂಡರು. "ಅವ್ವಾ, ಮೊಮ್ಮಗನಿಗೆ ಅನ್ನ ಹಿಡಿಸಿದಾಗ ನೀನು ಹೆಂಗ ಮಾಡಿದೆ? ಒಂದೇ ದಿನ ಎಲ್ಲಾ ತಿನ್ನಿಸಿದೆಯಾ?" ಎಂದು ಕೇಳಿದರು. ಅತ್ತೆಯವರು ಯೋಚಿಸಿದರು. ಮೊದಲು ಅನ್ನದ ತಿಳಿ, ಅದು ಹಿಡಿದರೆ ನಾಲ್ಕು ದಿನಕ್ಕೆ ಬೇಳೆಯ ಕಟ್ಟು, ಆಮೇಲೆ ಬಾಳೆಹಣ್ಣು. ಹೊಟ್ಟೆ ಕೆಟ್ಟರೆ ಕಡೆಗೆ ಕೊಟ್ಟಿದ್ದನ್ನು ನಿಲ್ಲಿಸುವುದು. "ಈಗ ನಾನೂ ಹಂಗೇ ಕೂಸು" ಎಂದರು ಮಗಳು. ವೈದ್ಯರೂ ಆಹಾರತಜ್ಞೆಯೂ ಆರು ತಿಂಗಳಿಂದ ನಮಗೆ ಹೇಳಿಕೊಡುತ್ತಿದ್ದುದನ್ನು ಅತ್ತೆಯವರು ಆ ಒಂದು ಮಾತಿನಲ್ಲಿ ಹಿಡಿದುಕೊಂಡರು. ಎದ್ದುಹೋಗಿ ಪಾಯಸದ ಪಾತ್ರೆಯನ್ನು ಮುಚ್ಚಿಟ್ಟರು.

ಆ ಕ್ರಮವನ್ನು ಇಲ್ಲಿ ತುಸು ವಿವರಿಸುವುದು ಅವಶ್ಯ. ಕಾಯಿಲೆ ಕೆರಳಿದಾಗ ಕರುಳಿಗೆ ಕೆಲಸ ಕಡಿಮೆ ಮಾಡುವ ಆಹಾರ: ಮೆತ್ತನೆಯ ಅನ್ನ, ಹೆಸರುಬೇಳೆ, ಸಿಪ್ಪೆ ಬೀಜ ತೆಗೆದು ಬೇಯಿಸಿದ ಸೋರೆಕಾಯಿ, ಗಜ್ಜರಿ, ಮಾಗಿದ ಬಾಳೆಹಣ್ಣು. ಇದು ತಾತ್ಕಾಲಿಕ. ಗುಣ ಕಂಡ ಮೇಲೂ ಭಯದಿಂದ ಇದರಲ್ಲಿಯೇ ನಿಂತರೆ ದೇಹ ಸೊರಗುತ್ತದೆ, ಕಬ್ಬಿಣ, ಜೀವಸತ್ವಗಳ ಕೊರತೆಯಾಗುತ್ತದೆ. ಆದ್ದರಿಂದ ಮದ್ದು ನಡೆಯುತ್ತಿರುವಾಗಲೇ ಬಿಟ್ಟ ಪದಾರ್ಥಗಳನ್ನು ಒಂದೊಂದಾಗಿ ಮರಳಿ ತರಬೇಕು. ಒಂದು ಸಲಕ್ಕೆ ಒಂದೇ ಪದಾರ್ಥ. ಮೊದಲ ದಿನ ಸ್ವಲ್ಪ, ಎರಡನೆಯ ದಿನ ಅದರ ಎರಡರಷ್ಟು, ಮೂರನೆಯ ದಿನ ವಾಡಿಕೆಯಷ್ಟು. ಏನಾಯಿತೆಂದು ಪುಸ್ತಕದಲ್ಲಿ ಬರೆದಿಡುವುದು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ, ಆದ್ದರಿಂದ ನಮ್ಮ ಪಟ್ಟಿಯನ್ನು ಯಾರೂ ನಕಲು ಮಾಡಬಾರದು. ಕ್ರೋನ್ಸ್‌ನಿಂದ ಕರುಳು ಕಿರಿದಾಗಿರುವವರಿಗಂತೂ ನಾರು, ಬೀಜ, ಕಾಳುಗಳು ಅಲ್ಲಿ ಸಿಕ್ಕಿಕೊಂಡು ಅಪಾಯವಾಗಬಹುದು. ಅವರು ವೈದ್ಯರನ್ನು ಕೇಳದೆ ಏನನ್ನೂ ಸೇರಿಸಕೂಡದು. ಕ್ರೋನ್ಸ್ ಇರುವ ಮಕ್ಕಳಲ್ಲಿ ಕೆಲವು ವಾರಗಳ ಕಾಲ ಬೇರೆ ಆಹಾರವನ್ನೆಲ್ಲ ನಿಲ್ಲಿಸಿ ಪೌಷ್ಟಿಕ ದ್ರವಾಹಾರವೊಂದರಿಂದಲೇ ಉರಿಯೂತವನ್ನು ಇಳಿಸುವ ಚಿಕಿತ್ಸೆಯುಂಟು. ನಮ್ಮವರ ಕಾಯಿಲೆಗೆ ಆಹಾರವು ಮದ್ದಿನ ಜೊತೆಗಾರ ಮಾತ್ರ.

ಮರುದಿನ ಬಿಸಿ ರೊಟ್ಟಿಯ ಕಾಲುಭಾಗವನ್ನು ಹೆಸರುಬೇಳೆಯ ತೊವ್ವೆಯಲ್ಲಿ ನೆನೆಸಿ, ನಿಧಾನವಾಗಿ ಅಗಿದು ತಿಂದರು. ಚಟ್ನಿ ಇಲ್ಲ, ಎಣ್ಣೆಗಾಯಿ ಇಲ್ಲ. ಅತ್ತೆಯವರು ಅಂದು ಮಧ್ಯಾಹ್ನ ಮಲಗಲಿಲ್ಲ. ಮಗಳು ಎದ್ದಾಗಲೆಲ್ಲ ಹಿತ್ತಿಲ ಕಡೆ ನೋಡುತ್ತಿದ್ದರು. ಮೂರನೆಯ ದಿನ ಇಡೀ ರೊಟ್ಟಿ ದಕ್ಕಿತು. ಅದೇ ಸಂಜೆ ನಾವು ಅಂಜನಾಪುರ ಜಲಾಶಯದ ಏರಿಯ ಮೇಲೆ ಅಡ್ಡಾಡಿದೆವು. ಕುಮುದ್ವತಿಯ ನೀರು ತುಂಬಿ ನಿಂತಿತ್ತು. ಶ್ರೀಮತಿಯವರು ಎಷ್ಟೋ ತಿಂಗಳ ಮೇಲೆ, ಹತ್ತಿರದಲ್ಲಿ ಶೌಚಾಲಯ ಎಲ್ಲಿದೆ ಎಂದು ಕೇಳದೆ ಅರ್ಧ ಗಂಟೆ ಕುಳಿತಿದ್ದರು.

ಶಿಕಾರಿಪುರದಿಂದ ಬಳ್ಳಿಗಾವಿ ಸುಮಾರು 20 ಕಿ.ಮೀ. ತಾವರೆಕೆರೆಯ ಬಳಿಯ ಕೇದಾರೇಶ್ವರ ಗುಡಿಯನ್ನು ನೋಡುವವರು ಸಾಮಾನ್ಯವಾಗಿ ಅದರ ಮೂರು ಗರ್ಭಗುಡಿ, ಶಿಖರ, ಕಂಬಗಳನ್ನು ನೋಡಿ ಹೊರಡುತ್ತಾರೆ. ನಾವು ಹುಡುಕಿದ್ದು ಬೇರೆ. ಈ ಗುಡಿಗೆ ಸೇರಿದ್ದ ಕೋಡಿಯಮಠ ಕಾಳಾಮುಖ ಶೈವರ ದೊಡ್ಡ ವಿದ್ಯಾಕೇಂದ್ರ. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಆ ಮಠವನ್ನು ವರ್ಣಿಸುತ್ತದೆ. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಅದು ಅಚ್ಚಾಗಿದೆ. ವೇದ, ವ್ಯಾಕರಣ, ದರ್ಶನಗಳ ಪಾಠವಲ್ಲದೆ ಬಡವರು, ಅನಾಥರು, ಕುರುಡರು, ಕುಂಟರಿಗೆ ಅಲ್ಲಿ ಅನ್ನದಾನ ನಡೆಯುತ್ತಿತ್ತೆಂದೂ, ರೋಗಿಗಳಿಗೆ ಔಷಧೋಪಚಾರದ ಸ್ಥಾನವಾಗಿತ್ತೆಂದೂ ಅದು ಹೇಳುತ್ತದೆ. ಅನ್ನವನ್ನೂ ಮದ್ದನ್ನೂ ಒಂದೇ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ! ಎರಡರಲ್ಲಿ ಒಂದನ್ನು ಬಿಟ್ಟು ಆಸ್ಪತ್ರೆ ಸೇರಿದ್ದ ನಮಗೆ ಅಲ್ಲಿ ನಿಂತಾಗ ತುಸು ನಾಚಿಕೆಯಾಯಿತು.

ಅಂದು ಮಧ್ಯಾಹ್ನ ದಾರಿಯ ಹಳ್ಳಿಯೊಂದರಲ್ಲಿ ಬಂಧುಗಳ ಮನೆಯ ಗಣಾರಾಧನೆಗೆ ಹೋಗಬೇಕಾಗಿತ್ತು. ಪ್ರಸಾದವನ್ನು ಬೇಡವೆನ್ನುವುದು ಹೇಗೆ, ನೀಡಿಸಿಕೊಂಡು ಬಿಟ್ಟೇಳುವುದು ಹೇಗೆ? ನಮ್ಮ ಮನೆಗಳ ರೋಗಿಗಳಿಗೆಲ್ಲ ಈ ಸಂಕಟ ಗೊತ್ತು. ಶ್ರೀಮತಿಯವರು ನೀಡುವವರಿಗೆ ಕೈಮುಗಿದು, ಒಂದು ಸೌಟು ಅನ್ನ, ಒಂದಿಷ್ಟು ಮಜ್ಜಿಗೆ ಮಾತ್ರ ಸಾಕೆಂದರು. ನೀಡುತ್ತಿದ್ದ ಹಿರಿಯರು, "ಬೇಕಾದಷ್ಟು ಕೇಳಿ ನೀಡಿಸಿಕೊಳ್ರೀ ತಾಯಿ, ಬಿಟ್ಟು ಏಳೋದಷ್ಟೇ ಬ್ಯಾಡ" ಎಂದು ಮುಂದೆ ಹೋದರು. ಪಕ್ಕದ ಸಾಲಿನ ಹೆಣ್ಣುಮಕ್ಕಳು ಮಾತ್ರ ಊಟ ಮುಗಿಯುವವರೆಗೂ ದಾಳಿಂಬೆ ಸಿಪ್ಪೆಯ ತಂಬುಳಿಯ ಸಲಹೆಯನ್ನು ನಿಲ್ಲಿಸಲಿಲ್ಲ. ಒಬ್ಬರು ಸೊಂಟನೋವಿಗೆಂದು ತಮ್ಮ ಚೀಲದಿಂದ ಡೈಕ್ಲೊಫೆನಾಕ್ ಗುಳಿಗೆಯನ್ನೂ ತೆಗೆದರು. ಅಂಥ ನೋವಿನ ಗುಳಿಗೆಗಳು ಈ ಕಾಯಿಲೆಯನ್ನು ಕೆರಳಿಸಬಲ್ಲವೆಂಬುದು ಬಹಳ ಜನರಿಗೆ ತಿಳಿಯದು.

ಸೊರಬ ದಂಡಾವತಿ ನದಿಯ ದಡದ ಊರು. ಗುಡಿಗಾರರ ಗಂಧದ ಕೆತ್ತನೆಗೆ ಹೆಸರಾದದ್ದು. ಸುರಭಿ ಎಂಬ ಹಸುವು ರಂಗನಾಥನ ಮೂರ್ತಿಗೆ ಹಾಲು ಸುರಿಸುತ್ತಿದ್ದುದರಿಂದ ಸುರಭಿಪುರ, ಅದೇ ಸೊರಬವಾಯಿತೆಂದು ಹೇಳುವುದುಂಟು. ಹಾಲಿನಿಂದ ಹೆಸರು ಪಡೆದ ಊರಿಗೆ ಹಾಲು ಒಗ್ಗದವರನ್ನು ಕರೆದುಕೊಂಡು ಹೋದೆವು. ನಾದಿನಿಯ ಮನೆಯಲ್ಲಿ ಮೊದಲ ರಾತ್ರಿ ಕೆಂಪಕ್ಕಿಯ ಗಂಜಿ, ಉಪ್ಪು, ತೆಳುಮಜ್ಜಿಗೆ. ಅದು ಚೆನ್ನಾಗಿ ಹಿಡಿಯಿತು.

ಎಡವಿದ್ದು ಮರುದಿನ. ರೊಟ್ಟಿ ದಕ್ಕಿದ ಹುರುಪಿನಲ್ಲಿ ಬೆಳಿಗ್ಗೆ ಅರ್ಧ ಲೋಟ ಹಾಲು, ಮಧ್ಯಾಹ್ನ ತೋಟದಿಂದ ಬಂದ ಅನಾನಸಿನ ಎರಡು ಹೋಳು. ಬೇಡವೆನ್ನಬೇಕಾದ ನಾವೇ ಹೋಳು ಕತ್ತರಿಸಿ ಕೊಟ್ಟವರು. ಸಂಜೆಗೆ ಹೊಟ್ಟೆಯುಬ್ಬರ, ಮುರಿತ, ನಾಲ್ಕು ಸಲ ಭೇದಿ. ಯಾವುದರಿಂದ ಆಯಿತು? ಹಾಲೇ, ಹಣ್ಣೇ? ಪುಸ್ತಕ ತೆರೆದು ಕುಳಿತರೆ ಉತ್ತರವಿಲ್ಲ. ಒಂದೇ ದಿನ ಎರಡನ್ನು ಸೇರಿಸಿದ ತಪ್ಪಿಗೆ ಎರಡನ್ನೂ ಮತ್ತೆ ಮೊದಲಿನಿಂದ ಪರೀಕ್ಷಿಸಬೇಕಾಯಿತು. ಆ ರಾತ್ರಿ ವೈದ್ಯರಿಗೆ ದೂರವಾಣಿ ಮಾಡಿದಾಗ ಅವರು ಕೇಳಿದ್ದು ನಾಲ್ಕು ಪ್ರಶ್ನೆ: ರಕ್ತವಿದೆಯೇ, ಜ್ವರವಿದೆಯೇ, ನಿದ್ರೆಯಿಂದ ಎಬ್ಬಿಸುವಂತೆ ಬರುತ್ತಿದೆಯೇ, ಗುಳಿಗೆ ತಪ್ಪಿದೆಯೇ? ನಾಲ್ಕಕ್ಕೂ ಇಲ್ಲವೆಂದೆವು. ಕರುಳು ಹೊಸ ಪದಾರ್ಥವನ್ನು ಜೀರ್ಣಿಸಲಾರದೆ ಮಾಡುವ ಗಲಾಟೆ ಬೇರೆ, ಉರಿಯೂತ ಮರಳುವುದು ಬೇರೆ ಎಂದು ಅವರು ತಿಳಿಸಿ, ಊರಿಗೆ ಮರಳಿದ ಮೇಲೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಲು ಹೇಳಿದರು. ಉರಿಯೂತವಿದ್ದರೆ ಆ ಅಂಕಿ ಏರುತ್ತದೆ.

ಹೀಗಾಗಿ ಚಂದ್ರಗುತ್ತಿಯ ರೇಣುಕಾಂಬೆಯ ದರ್ಶನವೂ ಗುಡವಿಯ ಪಕ್ಷಿಧಾಮವೂ ಉಳಿದುಹೋದವು. ಎರಡು ದಿನ ನಾದಿನಿಯ ಮನೆಯ ಜಗಲಿಯಲ್ಲಿಯೇ ಕಳೆದೆವು. ಗಂಜಿ, ತೊವ್ವೆ, ಬಾಳೆಹಣ್ಣು. ಮೂರನೆಯ ದಿನ ಹೊಟ್ಟೆ ತಹಬಂದಿಗೆ ಬಂತು. ಶ್ರೀಮತಿಯವರು ಎದ್ದವರೇ ರೊಟ್ಟಿ ಇದೆಯೇ ಎಂದು ಕೇಳಿದರು.

ಪರೀಕ್ಷೆಯ ಅಂಕಿ ಸರಿಯಾಗಿಯೇ ಬಂತು. ಆಮೇಲೆ ತಿಂಗಳೊಳಗೆ ತಿಳಿದುದೇನೆಂದರೆ, ಅನಾನಸು ಒಂದು ಹೋಳು ದಕ್ಕುತ್ತದೆ, ಹಾಲು ದಕ್ಕುವುದಿಲ್ಲ, ಮೊಸರಿಗೆ ತಕರಾರಿಲ್ಲ. ಅತ್ತೆಯವರು ಶಿಕಾರಿಪುರದಿಂದ ವಾರಕ್ಕೊಮ್ಮೆ ದೂರವಾಣಿಯಲ್ಲಿ, "ಪುಸ್ತಕದಾಗ ಈಗ ಯಾವುದು ನಡದೈತಿ?" ಎಂದು ವಿಚಾರಿಸುತ್ತಾರೆ. ಕಳೆದ ವಾರ ಅರ್ಧ ಚಮಚ ಶೇಂಗಾ ಚಟ್ನಿಯ ಸರದಿಯಿತ್ತು. ಖಾರವಿಲ್ಲದೆ ನುಣ್ಣಗೆ ಅರೆದು ಕಳಿಸಿದವರು ಅವರೇ.