ಬಲ ಮರೆತ ಹನುಮಪ್ಪ

ನಮ್ಮ ಹಾವೇರಿ ಜಿಲ್ಲೆಯವರಿಗೆ ಹನುಮಪ್ಪನ ಪರಿಚಯ ಮಾಡಿಕೊಡಬೇಕಿಲ್ಲ. ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯಲ್ಲಿ ಕಾಂತೇಶ, ಹಿರೇಕೆರೂರು ಕಡೆ ಸಾತೇನಹಳ್ಳಿಯಲ್ಲಿ ಶಾಂತೇಶ, ಜಿಲ್ಲೆ ದಾಟಿದರೆ ಶಿಕಾರಿಪುರದಲ್ಲಿ ಭ್ರಾಂತೇಶ. ಮೂವರನ್ನೂ ಒಂದೇ ದಿನ, ಹೊತ್ತು ಮುಳುಗುವುದರೊಳಗೆ ಕಾಣಬೇಕೆಂದು ಗಾಡಿ ಮಾಡಿಕೊಂಡು ಹೊರಡುವವರು ಈಗಲೂ ಇದ್ದಾರೆ. ಇಂಥ ಸೀಮೆಯವನಾದ ನಾನು ಎಪ್ಪತ್ತು ದಾಟಿದ ಮೇಲೆ ಕಂಪ್ಯೂಟರಿನಲ್ಲಿ ಮಾಡಿದ ಹನುಮಂತನಿಗೆ ಮನಸೋತೆ ಎಂದರೆ ರಾಣೆಬೆನ್ನೂರಿನ ನನ್ನ ಪಿಂಚಣಿ ಗೆಳೆಯರು ನಗುತ್ತಾರೆ. ನಗಲಿ.

ಧಾರಾವಾಹಿಯ ಹೆಸರು ‘ದಿ ಲೆಜೆಂಡ್ ಆಫ್ ಹನುಮಾನ್’. ಗ್ರಾಫಿಕ್ ಇಂಡಿಯಾ ಸಂಸ್ಥೆಯದು. 2021ರ ಜನವರಿಯಲ್ಲಿ ಹಾಟ್‌ಸ್ಟಾರ್‌ನಲ್ಲಿ ಬಂತು. ಮೊದಲ ಭಾಗಕ್ಕೆ 13 ಕಂತು, ಕನ್ನಡದ ಧ್ವನಿಯೂ ಉಂಟು. ಹಿಂದಿಯವರು ಮೆಚ್ಚಿ ನೋಡಿದ್ದಾರೆ. ನಮ್ಮ ಕಡೆ ಇದರ ಮಾತೆತ್ತಿದವರನ್ನು ನಾನು ಕಂಡಿಲ್ಲ. ಹಿರಿಯರು ‘ಹುಡುಗರ ಕಾರ್ಟೂನು’ ಎನ್ನುತ್ತಾರೆ, ಹುಡುಗರು ‘ದೇವರ ಕಥೆ’ ಎನ್ನುತ್ತಾರೆ.

ಹಾವೇರಿಯಲ್ಲಿರುವ ಮಗಳ ಮಗ, ಏಳನೆಯ ತರಗತಿಯವನು, ಬೇಸಿಗೆ ರಜೆಗೆ ಬಂದಿದ್ದ. ಮಾತು ಕಡಿಮೆ. ಉತ್ತರ ಗೊತ್ತಿದ್ದರೂ ಕ್ಲಾಸಿನಲ್ಲಿ ಕೈ ಎತ್ತುವುದಿಲ್ಲವೆಂದು ಮಗಳಿಗೆ ಕೊರಗು. ಅವನಿಗೆ ಜಪಾನಿನ ಅನಿಮೆ ಹುಚ್ಚು. “ಇದೂ ಅಂಥಾದ್ದೇ ಅಲ್ಲೇನೋ?” ಎಂದೆ. “ಅಲ್ಲಜ್ಜಾ, ಅನಿಮೆ ಅಂದ್ರ ಜಪಾನಿಂದು” ಎಂದು ತಿದ್ದಿದ. ನಾನೂ ಬಿಡಲಿಲ್ಲ. 1990ರ ದಶಕದ ಆರಂಭದಲ್ಲಿ ಜಪಾನಿನ ಯುಗೋ ಸಾಕೋ ನಮ್ಮವರ ಜೊತೆಗೂಡಿ ರಾಮಾಯಣವನ್ನೇ ಅನಿಮೆ ಮಾಡಿದರಲ್ಲ, ಅದು ಯಾರದು? ಉತ್ತರ ಕೊಡದೆ ಪಕ್ಕದಲ್ಲಿ ಬಂದು ಕೂತ.

ಕ್ಯಾಲೆಂಡರಿನ ಹನುಮಪ್ಪ ಯಾವಾಗಲೂ ಗುಡ್ಡ ಹೊತ್ತುಕೊಂಡೇ ಇರುತ್ತಾನೆ. ಇಲ್ಲಿನವನಿಗೆ ತಾನು ಯಾರೆಂಬುದೇ ಗೊತ್ತಿಲ್ಲ. ಸೂರ್ಯನನ್ನು ಹಣ್ಣೆಂದು ಹಾರಿದವನು, ಇಂದ್ರನ ವಜ್ರದೇಟು ತಿಂದವನು, ಋಷಿಗಳ ಶಾಪದಿಂದ ಅದನ್ನೆಲ್ಲ ಮರೆತಿದ್ದಾನೆ. ಉತ್ತರಕಾಂಡದಲ್ಲಿ ಈ ಮರೆವು ಕೆಲವೇ ಶ್ಲೋಕಗಳಲ್ಲಿ ಮುಗಿದುಹೋಗುತ್ತದೆ. ಇವರು ಕಂತುಗಟ್ಟಲೆ ಹಿಡಿದುಕೊಂಡಿದ್ದಾರೆ. ಅಷ್ಟು ದೊಡ್ಡ ಮೈಯೊಳಗೆ ಅಳುಕುವ ಕಣ್ಣು! ಕಾಂತೇಶನ ಕಣ್ಣು ಸಾಲಿಗ್ರಾಮದ್ದು ಎನ್ನುತ್ತಾರೆ, ಎದುರು ನಿಂತವರನ್ನು ಹಿಡಿದು ನಿಲ್ಲಿಸುತ್ತದೆ. ಈ ಹನುಮಂತನ ಕಣ್ಣು ನಮ್ಮನ್ನೇ ಏನೋ ಕೇಳುವಂತಿರುತ್ತದೆ.

ಆಮೇಲೆ ಸಮುದ್ರದ ದಂಡೆ. ವಾಲ್ಮೀಕಿಯಲ್ಲಿ ನನಗೆ ಬಹಳ ಸೇರುವ ಜಾಗವಿದು. ನೂರು ಯೋಜನ ಹಾರಬೇಕು. ಒಬ್ಬ ವಾನರ ಹತ್ತು ಯೋಜನ ಎನ್ನುತ್ತಾನೆ, ಇನ್ನೊಬ್ಬ ಇಪ್ಪತ್ತು. ಪ್ರಾಯದಲ್ಲಿ ತ್ರಿವಿಕ್ರಮನಿಗೇ ಪ್ರದಕ್ಷಿಣೆ ಹಾಕಿದ್ದ ಮುದಿ ಜಾಂಬವಂತ, ಈಗ ನನ್ನಿಂದ ತೊಂಬತ್ತು ಆದೀತು ಎನ್ನುತ್ತಾನೆ. ಅಂಗದ ಹೋಗಬಲ್ಲ, ಮರಳುವ ಭರವಸೆಯಿಲ್ಲ. ಮಂಡಿನೋವಿದ್ದವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಹನುಮಂತ ಒಂದು ಬದಿಗೆ ಸುಮ್ಮನೆ ಕೂತಿದ್ದಾನೆ. ಹಾರಲಾಗದ ಮುದುಕನೇ ಅವನ ಹತ್ತಿರ ಹೋಗಿ ಅವನ ಕಥೆಯನ್ನು ಅವನಿಗೇ ಹೇಳುತ್ತಾನೆ.

ಧಾರಾವಾಹಿಯಲ್ಲೂ ಆ ಘಟ್ಟ ಬಂದು ಮುಗಿದ ರಾತ್ರಿ ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದು ಕೇಳಿದ: “ಅಜ್ಜಾ, ಜಾಂಬವಂತ ಇರಲೇ ಇಲ್ಲಂದ್ರ?”

ಬ್ಯಾಂಕಿನಲ್ಲಿ ಇಡೀ ನೌಕರಿ ಲೆಡ್ಜರ್ ತಾಳೆ ನೋಡಿದವನಿಗೆ ಉತ್ತರ ಹೊಳೆಯಲಿಲ್ಲ. ಅಡುಗೆಮನೆಯಿಂದ ಅವನಜ್ಜಿ ಅಂದಳು: “ಇರತಿದ್ದ ಬಿಡು. ಮುದುಕರಿಗೆ ಬ್ಯಾರೆ ಏನ್ ಕೆಲಸೈತಿ?” ಆಕೆ ಬ್ಯಾಡಗಿಯವಳು; ಊರ ಮೆಣಸಿನಕಾಯಿಯಂತೆ ಮಾತಿಗೆ ಬಣ್ಣ ಹೆಚ್ಚು, ಖಾರ ಕಡಿಮೆ.

ಕುಂದುಗಳೂ ಇವೆ. ಹೊಡೆದಾಟ ಉದ್ದವಾಯಿತು. ಕನ್ನಡ ತೀರ ಪುಸ್ತಕದ್ದು. ನಮ್ಮ ದೊಡ್ಡಾಟದ ಹನುಮಪ್ಪನ ಹಾಗೆ ನಗಿಸುವುದಿಲ್ಲ. ರಾಕ್ಷಸರು ಬರುವ ಕಂತುಗಳನ್ನು ತೀರ ಸಣ್ಣ ಮಕ್ಕಳ ಜೊತೆ ನೋಡಬೇಡಿ, ರಾತ್ರಿ ನಿದ್ದೆ ನಿಮ್ಮದೂ ಕೆಡುತ್ತದೆ.

ಶಾಲೆ ಸುರುವಾಗಿ ಅವನು ಹಾವೇರಿಗೆ ಹೋದ. ಲಂಕೆಯ ಕಥೆಯಿರುವ ಎರಡನೆಯ ಭಾಗವನ್ನು ಈಗ ಅವನು ಅಲ್ಲಿ, ನಾನು ಇಲ್ಲಿ ನೋಡುತ್ತಿದ್ದೇವೆ. ಶನಿವಾರ, ಭಾನುವಾರ ಒಂದೊಂದೇ ಕಂತು. ಮುಂದಿನದನ್ನು ಕದ್ದು ನೋಡಬಾರದೆಂದು ಕರಾರು. ಕ್ಲಾಸಿನಲ್ಲಿ ಕೈ ಎತ್ತಿದೆಯೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ಮೊನ್ನೆ ಲಂಕೆ ಸುಟ್ಟ ಮೇಲೆ ತಾನೇ ಫೋನು ಮಾಡಿದ. ಇಪ್ಪತ್ತು ನಿಮಿಷ ಅವನೇ ಮಾತಾಡಿದ.