ಕಾರವಾರದ ಕಡಲತಡಿಯ ಮರಗಳು

ಹೋದ ಮಾರ್ಗಶಿರದಲ್ಲಿ ನಾವು ಮನೆಮಂದಿಯೆಲ್ಲ ಕಾರವಾರಕ್ಕೆ ಹೋಗಿದ್ದೆವು. ಸಮುದ್ರಸ್ನಾನವಾಗಲಿ ದೇವದರ್ಶನವಾಗಲಿ ನಮ್ಮ ಉದ್ದೇಶವಾಗಿರಲಿಲ್ಲ. ಅಂಕೋಲೆಯ ಕಡೆ ಕಡಲಿಗೆ ಸಮೀಪದಲ್ಲಿ ನಮಗೊಂದು ಹಳೆಯ ಹಿತ್ತಿಲುಂಟು. ಮಳೆಗಾಲದ ಉಪ್ಪುಗಾಳಿಗೆ ಅಲ್ಲಿಯ ಎಳೆಯ ತೆಂಗಿನ ಸಸಿಗಳು ಎರಡು ವರ್ಷಗಳಿಂದ ಕರಕಾಗುತ್ತಿವೆ. ಗಾಳಿಗೆ ಅಡ್ಡವಾಗಿ ಯಾವ ಮರವನ್ನು ನೆಡಬೇಕೆಂಬ ವಿಷಯದಲ್ಲಿ ಮನೆಯಲ್ಲಿ ಎರಡು ಪಕ್ಷಗಳಾಗಿದ್ದುವು. ಗಾಳಿಮರವೇ ಸರಿಯೆಂದು ನಾವು. ಹೊನ್ನೆಯೇ ಆಗಬೇಕೆಂದು ಎಂಬತ್ತು ದಾಟಿದ ನಮ್ಮ ತಾಯಿಯವರು. ಎರಡನ್ನೂ ಕಣ್ಣಾರೆ ಕಂಡು ತೀರ್ಮಾನಿಸುವುದೆಂದು ಹೊರಟುದಾಯಿತು.

ಊರಿನ ಅಂಚಿನಲ್ಲಿ ರವೀಂದ್ರನಾಥ ಠಾಕೂರರ ಹೆಸರಿನ ಕಡಲತೀರವಿದೆ. 1883ರಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ತರುಣ ಕವಿಗಳು ಬಂದು ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ’ವೆಂಬ ನಾಟಕವನ್ನು ಬರೆದುದು ಇಲ್ಲಿಯೇ. ಈ ದಡದ ಗಾಳಿಮರದ ವನವನ್ನು ಅವರು ತಮ್ಮ ಸ್ಮೃತಿಗ್ರಂಥದಲ್ಲಿ ನೆನೆದಿದ್ದಾರೆ. ಓದಿದವರಿಗೆ ಅದು ಅನಾದಿಕಾಲದ ಅರಣ್ಯವೆಂದೇ ತೋರುವುದು. ಆದರೆ ಈ ಜಾತಿಯನ್ನು ಕಾರವಾರದ ಮರಳಿನಲ್ಲಿ ಮೊದಲು ನೆಟ್ಟುದು 1868ರ ಸುಮಾರಿಗೆ! ಕವಿಗಳಿಗಿಂತಲೂ ಅವರು ಕಂಡ ಮರಗಳೇ ಕಿರಿಯವು.

ಸರ್ವೆಯೆಂದೂ ಕರೆಯಲ್ಪಡುವ ಈ ಮರವು ಆಸ್ಟ್ರೇಲಿಯ ಮತ್ತು ಆಗ್ನೇಯ ಏಷ್ಯದ ತೀರಗಳದು. ಅಂಡಮಾನಿನಲ್ಲಿಯೂ ತಾನಾಗಿ ಬೆಳೆಯುವುದುಂಟು. ನಾವು ಎಲೆಯೆಂದು ತಿಳಿಯುವ ಸೂಜಿಗಳು ಎಲೆಗಳಲ್ಲ. ಗೆಣ್ಣುಗೆಣ್ಣಾದ ಹಸುರು ಕಡ್ಡಿಗಳು. ನಿಜವಾದ ಎಲೆಗಳು ಗೆಣ್ಣಿನ ಸುತ್ತ ಸಣ್ಣ ಹಲ್ಲುಗಳಂತೆ ಅಂಟಿಕೊಂಡಿವೆ. ಮಕ್ಕಳು ಕಡ್ಡಿಯನ್ನು ಗೆಣ್ಣಿನಲ್ಲಿ ಮುರಿದು ಮತ್ತೆ ಜೋಡಿಸಿ, ಎಲ್ಲಿ ಮುರಿದುದೆಂದು ಹೇಳಿರೆಂದು ನಮ್ಮನ್ನು ಸೋಲಿಸಿದರು. ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ ಬರಿಯ ಮರಳಿನಲ್ಲಿಯೂ ಇದು ವರ್ಷಕ್ಕೆ ಆರೇಳು ಅಡಿ ಏರಬಲ್ಲದು. ಸೌದೆಯಂತೂ ಹಸಿಯಾಗಿದ್ದರೂ ಉರಿಯುವುದು.

ಇಷ್ಟೆಲ್ಲ ಗುಣಗಳನ್ನು ನಾವು ವಕೀಲರಂತೆ ಎತ್ತಿ ಆಡುತ್ತಿರಲು, ತಾಯಿಯವರು ಮಾತನಾಡದೆ ಕೋಲಿನಿಂದ ನೆಲವನ್ನು ಕೆದಕಿದರು. ಬೆರಳುದ್ದ ದಪ್ಪಕ್ಕೆ ಒಣಸೂಜಿಗಳು. ಅವುಗಳ ಕೆಳಗೆ ಒಂದು ಹುಲ್ಲೆಸಳೂ ಇಲ್ಲ. ನೆರಳಿನಾಚೆ ಬಿಸಿಲಿನಲ್ಲಿ ಮಾತ್ರ ಬಂಗಡೆಬಳ್ಳಿಯು ಮರಳನ್ನು ಬಿಗಿಹಿಡಿದು ಹರಡಿತ್ತು. ಇನ್ನೂ ಮುಂದೆ, ಅಲೆಗಳು ದಡವನ್ನು ಕೊರೆದಲ್ಲಿ, ಎರಡು ದೊಡ್ಡ ಗಾಳಿಮರಗಳು ಬೇರು ಮೇಲಾಗಿ ಕಡಲಿಗೆ ತಲೆಯಿಟ್ಟು ಬಿದ್ದಿದ್ದುವು. ಈ ಕರಾವಳಿಯಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅಲೆಯಂಚಿನವರೆಗೂ ಗಾಳಿಮರಗಳನ್ನು ಒತ್ತಾಗಿ ನೆಟ್ಟರೆ ಅವಕ್ಕೆ ಗುಳಿ ತೋಡಲು ತೆರವಾದ ಮರಳು ಸಿಗದು.

ಹೊರಗಿನವರನ್ನೆಲ್ಲ ದೂರುವುದೂ ತರವಲ್ಲ. ಕಾರವಾರದ ಬೀದಿಗಳಲ್ಲಿ ಗುಲ್‌ಮೊಹರು ಮಡಗಾಸ್ಕರದಿಂದ ಬಂದುದು. ಗುಡ್ಡದ ಗೇರನ್ನು ಪೋರ್ತುಗೀಜರು ಬ್ರೆಜಿಲಿನಿಂದ ತಂದರು. ಗೇರುಬೀಜವಿಲ್ಲದ ಪಾಯಸವನ್ನು ನಮ್ಮ ಮನೆಯಲ್ಲಿ ಯಾರೂ ಒಪ್ಪರು.

ಹೊನ್ನೆಯು ದೊರೆತುದು ಮರುದಿನ, ಹಳೆಯ ಓಣಿಯೊಂದರ ಕೊನೆಯಲ್ಲಿ. ಮರಗೆಲಸದವರು ಬಾಗಿಲಿಗೆ ಬಳಸುವ ಹೊನ್ನೆ ಬೇರೆ. ಇದು ಕೊಂಕಣಿಗರು ಉಂಡಿಯೆನ್ನುವ ಕಡಲಂಚಿನ ಮರ. ದಪ್ಪನಾದ ಹೊಳೆಯುವ ಎಲೆ, ಅದರಲ್ಲಿ ಬಾಚಣಿಗೆಯ ಹಲ್ಲುಗಳಂತೆ ಒತ್ತಾದ ನರಗಳು, ಹಳದಿ ಕೇಸರಗಳ ಬಿಳಿಯ ಹೂ. ಗುಂಡಗಿನ ಕಾಯಿ ಉಪ್ಪುನೀರಿನಲ್ಲಿ ತೇಲಿ ಬೇರೆ ದಡ ಸೇರಿ ಮೊಳೆಯುವುದು. ಇದರ ಎಣ್ಣೆಯಿಂದ ಮನೆಯ ದೀಪವುರಿಯುತ್ತಿತ್ತೆಂದೂ, ದೋಣಿಗಳ ಹಲಗೆಗೆ ಅದನ್ನೇ ಬಳಿಯುತ್ತಿದ್ದರೆಂದೂ ತಾಯಿಯವರು ಹೇಳಿದರು. ಹೇಳುತ್ತಲೇ ಬಾಗಿ ಕಾಯಿಗಳನ್ನು ಸೆರಗಿಗೆ ಹಾಕಿಕೊಳ್ಳತೊಡಗಿದರು.

“ಅಮ್ಮಾ, ಇದು ಗಾಳಿ ತಡೆಯುವಷ್ಟು ಬೆಳೆಯಲು ಎಷ್ಟು ವರ್ಷ ಬೇಕು ಗೊತ್ತೆ?” ಎಂದೆವು.

“ಅವಸರಪಡಬೇಕಾದವಳು ನಾನು. ನನಗಿಲ್ಲದ ಅವಸರ ನಿಮಗೇಕೋ?”

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೂ ಸಸಿಗಳು ಸುಡುತ್ತಿರುವುದು ಸುಳ್ಳಲ್ಲವಷ್ಟೆ! ಬೇಲಿಯ ಸಾಲಿನಲ್ಲಿ, ಬಳ್ಳಿಯ ಮರಳನ್ನು ಮುಟ್ಟದೆ, ಒಂದೇ ಸಾಲು ಗಾಳಿಮರ. ಅದರ ಮರೆಯಲ್ಲಿ ಸಾಕಷ್ಟು ಅಂತರಬಿಟ್ಟು ಹೊನ್ನೆ. ಹೊನ್ನೆ ತಲೆಯೆತ್ತಿದ ಮೇಲೆ ಗಾಳಿಮರಗಳನ್ನು ಸೌದೆಗೆ ಕಡಿಯುವುದು: ಹೀಗೆಂದು ಬಸ್ಸಿನಲ್ಲಿ ಒಪ್ಪಂದವಾಯಿತು.

ಹೊನ್ನೆಯ ಬೀಜವನ್ನು ಚಿಪ್ಪಿನೊಡನೆ ಬಿತ್ತಿದರೆ ಮೊಳೆಯಲು ಸುಮಾರು ಎರಡು ತಿಂಗಳು ಹಿಡಿಯುವುದು; ಚಿಪ್ಪು ತೆಗೆದರೆ ಮೂರು ವಾರಗಳಷ್ಟೆ. ಮನೆಗೆ ಬಂದ ಸಂಜೆಯೇ ತಾಯಿಯವರು ಒರಳಿನ ಬಳಿ ಕುಳಿತು, ಒಳಗಿನ ತಿರುಳಿಗೆ ಪೆಟ್ಟಾಗದಂತೆ, ನಲವತ್ತು ಕಾಯಿಗಳ ಚಿಪ್ಪನ್ನು ಒಡೆದು ತೆಗೆದರು.